ಕರಡಿಮರಿಯ ಊರು

ನಾಳೆ ಗುಜರಿಯವನು ಬರುತ್ತಾನೆಂದು ತಿಳಿದ ಮೇಲೆ ಅಟ್ಟದ ಮೇಲಿನ ಅಟ್ಲಾಸಿಗೆ ಒಂದೇ ಕೊರಗು. ಭಾನುವಾರದ ಕಾರ್ಟೂನಿನ ಕರಡಿಮರಿಯ ಊರು ಎಲ್ಲಿದೆಯೆಂದು ಪುಟ್ಟ ಶಾಂಭವಿ ಒಮ್ಮೆ ಕೇಳಿದ್ದಳು. ಅದಿನ್ನೂ ಸಿಕ್ಕಿರಲಿಲ್ಲ.

ಅಟ್ಲಾಸ್ ಪಕ್ಕದ ಹಳೆಯ ಟೀವಿಗೆ ಹೇಳಿತು: "ಅಣ್ಣಾ, ಆ ಕರಡಿಮರಿಯ ಊರಲ್ಲಿ ಸದಾ ಹಿಮ ಬೀಳುತ್ತಿತ್ತು. ಹಿಮ ಬೀಳುವ ದೇಶಗಳನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ."

"ಅದು ಹಿಮವಲ್ಲ ಮಾರಾಯ," ಎಂದಿತು ಟೀವಿ. "ನಮ್ಮ ತಾರಸಿಯ ಆಂಟೆನಾ ಮೇಲೆ ಕಾಗೆ ಕೂತಾಗಲೆಲ್ಲ ನನ್ನ ಮುಖದ ತುಂಬ ಬಿಳಿ ಚುಕ್ಕೆ. ಶಾಂಭವಿಯ ಅಪ್ಪ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತ 'ಬಂತಾ?' ಎನ್ನುತ್ತಿದ್ದರು. ಕೆಳಗೆ ಓಣಿಯ ಮಕ್ಕಳೆಲ್ಲ 'ಬಂತು, ಹೋಯ್ತು' ಎನ್ನುತ್ತಿದ್ದವು."

"ಹಾಗಾದರೆ ಆ ಹಿಮ ಬಿದ್ದದ್ದು ನಮ್ಮೂರಲ್ಲೇ!" ಎಂದಿತು ಅಟ್ಲಾಸ್. ಆಮೇಲೆ ದೂರದ ದೇಶಗಳನ್ನೆಲ್ಲ ಮಗುಚಿಹಾಕಿ ತಮ್ಮ ಜಿಲ್ಲೆಯ ಪುಟಕ್ಕೆ ಬಂದು ನಿಂತಿತು. ಅಷ್ಟು ವರ್ಷದಲ್ಲಿ ಯಾರೂ ಬೆರಳಿಟ್ಟು ನೋಡದೆ ಆ ಪುಟವೊಂದೇ ಹೊಸದಾಗಿ ಉಳಿದಿತ್ತು.