ಎದುರು ಕೂತವಳ ಮುಖ

ಹುಬ್ಬಳ್ಳಿಯಲ್ಲಿ ಗುರುಪಾದ ಎಂಬವನಿಗೆ ಒಂದು ಚಾಳೀಸಿನ ಅಂಗಡಿ ಇತ್ತು. ಊರಿನವರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು ಅವನ ಕೆಲಸ. ಅವನಿಗೆ ಇಸ್ಪೀಟಿನ ಹುಚ್ಚು. ದೀಪಾವಳಿಗೆ ಗೆಳೆಯರ ಜೊತೆ ಆಡುವುದು ಸಾಲದೆ ಪೋಕರ್ ಕಲಿತ. ಅದರಲ್ಲಿ ಇಬ್ಬರೇ ಎದುರುಬದುರು ಕೂತು ಆಡುವ ಬಗೆ ಒಂದಿದೆ. ಹೆಡ್ಸ್-ಅಪ್ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಎರಡೆರಡು ಮುಚ್ಚಿದ ಎಲೆ, ನಡುವೆ ಇಬ್ಬರಿಗೂ ಕಾಣುವ ಐದು ಎಲೆ. ಎದುರಿನವನ ಕೈಯಲ್ಲಿ ಏನಿದೆ ಎಂಬುದನ್ನು ಅವನ ಮುಖ ನೋಡಿ ತಿಳಿಯಬೇಕು. ತಿಳಿದವನು ಗೆದ್ದ, ತಿಳಿಯದವನು ಸೋತ.

ಗೋವಾದ ಹೊಳೆಯಲ್ಲಿ ನಿಂತ ಒಂದು ಕಸಿನೊ ಹಡಗಿನಲ್ಲಿ ಈ ಆಟದ ಪಂದ್ಯ ನಡೆಯುತ್ತದೆ ಎಂದು ಗೊತ್ತಾದ ಕೂಡಲೇ ಗುರುಪಾದ ಹೆಸರು ಬರೆಸಿದ. ಪಂದ್ಯಕ್ಕೆ ಇನ್ನೂ ಆರು ತಿಂಗಳಿತ್ತು. ಅಭ್ಯಾಸಕ್ಕೆ ಎದುರು ಕೂರಲು ಒಬ್ಬರು ಬೇಕಲ್ಲ? ಹೆಂಡತಿ ಸುಮಂಗಲಾಳನ್ನು ಕೂರಿಸಿದ.

ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದು, ಊಟ ಮುಗಿಸಿ, ಚಾಪೆ ಹಾಸಿ, ಹುಣಸೆಬೀಜ ಪಣಕ್ಕಿಟ್ಟು ಎರಡು ತಾಸು ಆಡುತ್ತಿದ್ದರು. ಸುಮಂಗಲಾಳದು ತೆರೆದ ಮುಖ. ರಾಜ ಬಂದರೆ ತುಟಿ ಬಿಗಿಹಿಡಿದು ನಗು ತಡೆಯುವಳು. ಕೆಟ್ಟ ಎಲೆ ಬಂದರೆ "ಅಯ್ಯ ಶಿವನ" ಎಂದುಬಿಡುವಳು. ಗುರುಪಾದ ಹಣೆ ಚಚ್ಚಿಕೊಂಡ.

"ನಿನ್ನ ಮಾರಿ ನೋಡಿದ್ರ ಸಾಕು, ಎಲಿ ತೆರೆದು ತೋರಿಸಿದಂಗ ಆಗ್ತೈತಿ. ಹಿಂಗಾದ್ರ ನನಗೆಲ್ಲಿ ಪ್ರಾಕ್ಟೀಸು?"

"ಏನ್ ಮಾಡ್ಲ್ರಿ? ನನ್ನ ಮಾರಿ ಇರೋದ ಹಂಗ."

"ಕಲೀಬೇಕು," ಎಂದ ಗುರುಪಾದ.

ಅವನೇ ಗುರುವಾದ. ಒಂದೇ ಕಡೆ ದೃಷ್ಟಿ ಇಡು. ಉಸಿರು ಒಂದೇ ಸಮ ಬಿಡು. ಏನು ಕೇಳಿದರೂ ಒಂದೇ ದನಿಯಲ್ಲಿ ಉತ್ತರಿಸು. ಸುಮಂಗಲಾ ಶ್ರದ್ಧೆಯಿಂದ ಕಲಿತಳು. ಆಟದ ಮೇಲೆ ಅವಳಿಗೇನೂ ಆಸೆ ಇರಲಿಲ್ಲ. ಆದರೆ ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡ ದಿನಾ ಎರಡು ತಾಸು ಎದುರು ಕೂತು ತನ್ನ ಮುಖ ನೋಡಿದ್ದು ಇದೇ ಮೊದಲು. ಅದು ಅವಳಿಗೆ ಹಬ್ಬವಾಗಿತ್ತು. ಪಾಪ, ಎಂಥ ಬಡ ಹಬ್ಬ!

ಮೂರನೇ ತಿಂಗಳಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಪಕ್ಕದ ಮನೆಯ ಕಾಶವ್ವನ ಜೊತೆ ಹೋಗಿ ಡಾಕ್ಟರಿಗೆ ತೋರಿಸಿದಳು. ಸ್ಕ್ಯಾನ್ ಮಾಡಿದ ಡಾಕ್ಟರು ಮುಖ ಸಣ್ಣದು ಮಾಡಿ, "ಒಂದು ಗಡ್ಡೆ ಇದೆ. ಈ ವಾರವೇ ಆಪರೇಷನ್ ಆಗಬೇಕು. ಯಜಮಾನರನ್ನು ಕರೆದುಕೊಂಡು ಬನ್ನಿ," ಎಂದರು.

ದಾರಿಯಲ್ಲಿ ಕಾಶವ್ವ ಬೈದಳು. "ಇವತ್ತ ಹೇಳ ನಿನ್ನ ಗಂಡಗ."

"ಪಂದ್ಯ ಮುಗೀಲಿ ತಡಿಯವ್ವಾ. ಈಗ ಹೇಳಿದ್ರ ಆಟ ನಿಲ್ಲಿಸ್ತಾರ," ಎಂದಳು ಸುಮಂಗಲಾ. ಆಟ ನಿಂತರೆ ಎದುರು ಕೂರುವುದೂ ನಿಲ್ಲುತ್ತದೆ ಎಂಬುದನ್ನು ಅವಳು ಹೇಳಲಿಲ್ಲ. ಗಂಡನಿಗೆ ಬಾಯಿ ಬಿಡಬಾರದೆಂದು ಕಾಶವ್ವನಿಂದ ಆಣೆ ಮಾತ್ರ ಹಾಕಿಸಿಕೊಂಡಳು.

ಹಾಗೆ ಅವಳು ನೋವು ಇಟ್ಟುಕೊಂಡೇ ಆಡಿದಳು. ಒಂದು ಮಧ್ಯಾಹ್ನ ಆಟದ ನಡುವೆ ನೋವು ಒಮ್ಮೆಲೇ ಚಳುಕು ಹೊಡೆಯಿತು. ಸುಮಂಗಲಾ ಚಾಪೆಯ ಅಂಚಿನ ಮೇಲೆ ದೃಷ್ಟಿ ನೆಟ್ಟು ಉಸಿರು ಹಿಡಿದಳು. ಗುರುಪಾದ ಅದನ್ನು ನೋಡಿದ. ನೋಡಲಿಲ್ಲ ಎನ್ನುವಂತಿಲ್ಲ, ನೋಡಿದ. ಇವಳ ಕೈಯಲ್ಲಿ ಭಾರಿ ಎಲೆ ಇದೆ ಎಂದುಕೊಂಡು ಸೋಲೊಪ್ಪಿ ತನ್ನ ಎಲೆ ಕೆಳಗಿಟ್ಟ. ತೆರೆದು ನೋಡಿದರೆ ಅವಳಲ್ಲಿದ್ದುದು ಒಂದು ಮೂರು, ಒಂದು ಏಳು. ಏನೂ ಅಲ್ಲದ ಎಲೆ.

ಗುರುಪಾದ ತೊಡೆ ತಟ್ಟಿ ನಕ್ಕ. "ಭಲೇ! ನನಗ ಟೋಪಿ ಹಾಕಿದಿ. ಆದ್ರ ಒಂದು ತಪ್ಪು. ಉಸಿರು ಹಿಡಿದಿ ನೋಡು, ಅದು ಕಾಣತೈತಿ. ಇನ್ನೊಮ್ಮೆ ಹಂಗ ಮಾಡಬ್ಯಾಡ."

"ಆತ್ರಿ," ಎಂದಳು ಸುಮಂಗಲಾ.

ಮರುದಿನದಿಂದ ನೋವು ಬಂದಾಗಲೂ ಅವಳು ಉಸಿರು ಹಿಡಿಯಲಿಲ್ಲ. ಕೊನೆಯ ಬಾಗಿಲೊಂದು ತೆರೆದಿತ್ತು. ಅದನ್ನೂ ಗಂಡನೇ ಮುಚ್ಚಿಸಿದ. ಇದನ್ನು ಬರೆಯುವಾಗ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಆದರೆ ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

ಪಂದ್ಯದ ದಿನ ಬಂತು. ಹಡಗಿನೊಳಗೆ ಕಿಟಕಿಗಳಿಲ್ಲ, ಗಡಿಯಾರವಿಲ್ಲ. ಹದಿನಾರು ಜನ ಆಟಗಾರರು. ನಾಲ್ಕು ಸಲ ಗೆದ್ದವನಿಗೆ ಬಹುಮಾನದ ಕಪ್. ಬೆಳಿಗ್ಗೆ ಹನ್ನೊಂದಕ್ಕೆ ಆಟ ಶುರುವಾಯಿತು. ಮೊದಲು ಸಿಕ್ಕಿದವನು ಮುಂಬಯಿಯ ತರುಣ. ಕಪ್ಪು ಕನ್ನಡಕ, ತಲೆಯ ಮೇಲೆ ಟೋಪಿ. ಕಣ್ಣು ಮುಚ್ಚಿಕೊಂಡರೇನು, ಒಳ್ಳೆಯ ಎಲೆ ಬಂದಾಗ ಅವನ ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿತ್ತು. ಗುರುಪಾದ ಒಂದು ತಾಸಿನಲ್ಲಿ ಅವನನ್ನು ಎಬ್ಬಿಸಿ ಕಳಿಸಿದ. ಎರಡನೆಯವನು ಪುಣೆಯ ಹೋಟೆಲಿನವನು, ಭಾರಿ ಮಾತುಗಾರ. ಒಳ್ಳೆಯ ಎಲೆ ಬಂದರೆ ಮಾತ್ರ ಮಾತು ನಿಲ್ಲುತ್ತಿತ್ತು. ಅವನೂ ಹೋದ. ಮೂರನೆಯವನು ಕೆಟ್ಟ ಎಲೆ ಇಟ್ಟುಕೊಂಡು ಸುಳ್ಳೇ ಪಣ ಏರಿಸುವಾಗಲೆಲ್ಲ ಉಂಗುರ ತಿರುಗಿಸುತ್ತಿದ್ದ. ಎಂದೂ ಕಂಡಿರದ ಮೂವರ ಒಳಗುಟ್ಟನ್ನು ಗುರುಪಾದ ಒಂದೇ ಹಗಲಿನಲ್ಲಿ ಓದಿ ಮುಗಿಸಿದ್ದ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೊನೆಯ ಆಟಕ್ಕೆ ಮುಂಚೆ ಅರ್ಧ ತಾಸು ಬಿಡುವಿತ್ತು. ಗುರುಪಾದ ಹೆಂಡತಿಯ ಮೊಬೈಲಿಗೆ ಫೋನು ಮಾಡಿದ.

ಆ ಹೊತ್ತಿಗೆ ಸುಮಂಗಲಾ ಆಸ್ಪತ್ರೆಯಲ್ಲಿದ್ದಳು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದೆಯೇ ಬಿದ್ದಿದ್ದಳು. ಕಾಶವ್ವ ಆಟೊದಲ್ಲಿ ಕರೆತಂದಿದ್ದಳು. ಫೋನು ಬಂದಾಗ ಕೈಗೆ ಸಲೈನ್ ಹಾಕಿತ್ತು.

"ಫೈನಲ್ಲಿಗೆ ಬಂದೀನಿ," ಎಂದ ಗುರುಪಾದ. "ನೀ ಹೆಂಗಿದ್ದಿ?"

"ಆರಾಮ ಅದೀನ್ರಿ."

"ಎಲ್ಲಿದ್ದಿ? ಏನೋ ಸಪ್ಪಳ ಕೇಳಾಕತ್ತೈತಿ."

"ಕಾಶವ್ವನ ಮನ್ಯಾಗ ಕುಂತೀನ್ರಿ. ನೀವ್ ಆಡ್ರಿ."

ದನಿ ಒಂದಿಷ್ಟೂ ಅಲುಗಲಿಲ್ಲ. ಕಾಶವ್ವ ಫೋನು ಕಸಿಯಲು ಕೈ ಚಾಚಿದಳು. ಅಷ್ಟರಲ್ಲಿ ಸುಮಂಗಲಾ ಅದನ್ನು ಆರಿಸಿದ್ದಳು.

ಫೈನಲ್ಲಿನಲ್ಲಿ ಎದುರು ಕೂತವರು ಮೈಸೂರಿನ ನಿವೃತ್ತ ಮೇಡಂ ಒಬ್ಬರು. ಕಾಲೇಜಿನಲ್ಲಿ ಲೆಕ್ಕ ಕಲಿಸಿದವರು. ಶಾಂತ ಮುಖ. ಆದರೆ ಮನೆಯಲ್ಲಿ ಸುಮಂಗಲಾಳ ಎದುರು ಆಡಿ ಪಳಗಿದವನಿಗೆ ಆ ಮುಖ ಕಷ್ಟವಾಗಲಿಲ್ಲ. ಸಂಜೆ ಆರಕ್ಕೆ ಗುರುಪಾದ ಗೆದ್ದ. ಮೇಡಂ ಎದ್ದು ಕೈಕುಲುಕಿದರು.

"ನಿಮ್ಮೆದುರು ಏನನ್ನೂ ಮುಚ್ಚಿಡೋಕಾಗಲ್ಲಪ್ಪ. ನಿಮ್ಮ ಮನೆಯವರ ಗತಿ ಏನೋ!"

ಗುರುಪಾದ ಮನಸಾರೆ ನಕ್ಕ. ಅವನು ಮನಸಾರೆ ನಕ್ಕದ್ದು ಅದೇ ಕೊನೆ.

ಮರುದಿನ ಗೆದ್ದ ಕಪ್ ಹಿಡಿದು ಊರಿಗೆ ಬಂದ. ಮನೆಗೆ ಬೀಗ. ಕಟ್ಟೆಯ ಮೇಲೆ ಕಾದು ಕೂತಿದ್ದ ಕಾಶವ್ವ ಎಲ್ಲವನ್ನೂ ಹೇಳಿದಳು. ಅವನು ಆಸ್ಪತ್ರೆಗೆ ಓಡಿದ. ಡಾಕ್ಟರು ಎರಡು ಸ್ಕ್ಯಾನಿನ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಮೂರು ತಿಂಗಳ ಹಿಂದೆ ಒಂದೇ ಕಡೆ ಇದ್ದದ್ದು ಈಗ ಹೊಟ್ಟೆಯ ತುಂಬ ಹರಡಿತ್ತು. ಇನ್ನು ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರು.

"ಇಷ್ಟು ನೋವಿಟ್ಟುಕೊಂಡು ಮನೆಯಲ್ಲಿ ಓಡಾಡಿಕೊಂಡಿದ್ದಾರೆ. ನಿಮಗೆ ಒಂದು ದಿನವೂ ಗೊತ್ತಾಗಲಿಲ್ಲವೇ?"

ಮಾಡಿದ್ದುಣ್ಣೋ ಮಾರಾಯ ಎಂದು ಇಂಥಲ್ಲಿ ಹೇಳುವುದು ವಾಡಿಕೆ. ಆದರೆ ಇಲ್ಲಿ ಮಾಡಿದವನು ಒಬ್ಬ, ಉಂಡವಳು ಇನ್ನೊಬ್ಬಳು.

ಆಮೇಲೆ ಹತ್ತೊಂಬತ್ತು ದಿನ ಅವನು ಹಾಸಿಗೆಯ ಎದುರು ಸ್ಟೂಲಿನ ಮೇಲೆ ಕೂತ. ಅಂಗಡಿ ತೆರೆಯಲಿಲ್ಲ. ಮತ್ತೆ ಮತ್ತೆ ಒಂದನ್ನೇ ಕೇಳುವನು.

"ನೋಯಾಕತ್ತೈತೇನ?"

"ಇಲ್ರಿ."

ಅವಳ ಕುತ್ತಿಗೆ ನೋಡಿದ, ಬೆರಳು ನೋಡಿದ, ರೆಪ್ಪೆ ನೋಡಿದ. ಏನೂ ಸಿಗಲಿಲ್ಲ. ನರ್ಸು ಬಂದು ನೋವಿನ ಇಂಜೆಕ್ಷನ್ ಬೇಕೇ ಎಂದು ಕೇಳಿದರೂ ಅದೇ ದನಿಯಲ್ಲಿ ಬೇಡ ಎನ್ನುವಳು. ಕೊಡಬೇಕೋ ಬಿಡಬೇಕೋ ನರ್ಸಿಗೂ ತಿಳಿಯದು. ಅವಳು ಗುರುಪಾದನ ಮುಖ ನೋಡುವಳು. ಅವನಿಗೂ ತಿಳಿಯದು.

ಒಂದು ದಿನ ಅವನು ಅವಳ ಕಾಲು ಹಿಡಿದು ಅತ್ತ. "ಈಗ ಆಟ ಇಲ್ಲ ಸುಮಾ. ಮುಗೀತು. ನಿನಗ ನೋವಾದ್ರ ಚೀರು. ನನಗ ಬೈ. ಮಾರಿ ಹಂಗ ಇಟಗೋಬ್ಯಾಡ."

ಸುಮಂಗಲಾ ಅದೇ ಸಮ ದನಿಯಲ್ಲಿ ಹೇಳಿದಳು.

"ಬಿಡಬೇಕಂತ ಅನಸ್ತೈತ್ರಿ. ಬಿಡಾಕ ಬರವಲ್ದು."

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಅವಳು ಹೋದಳು. ಗುರುಪಾದ ಎದುರೇ ಕೂತಿದ್ದ, ಕಣ್ಣು ಕೀಳದೆ ಅವಳ ಮುಖವನ್ನೇ ನೋಡುತ್ತಿದ್ದ. ಇವತ್ತು ನೋವು ಕಡಿಮೆ ಇರಬೇಕು ಎಂದುಕೊಂಡಿದ್ದ. ನರ್ಸು ಬಂದು ನಾಡಿ ಹಿಡಿದು ನೋಡಿ, ಜೀವ ಹೋಗಿ ಆಗಲೇ ಬಹಳ ಹೊತ್ತಾಗಿದೆ ಎಂದಳು.

ನೀತಿ: ಹೊರಗಿನವರನ್ನು ಗೆಲ್ಲಲು ಮುಖ ಮುಚ್ಚಿಡುವ ವಿದ್ಯೆಯನ್ನು ಯಾರಾದರೂ ಕಲಿಯಲಿ, ಮನೆಯವರಿಗೆ ಮಾತ್ರ ಕಲಿಸಬಾರದು. ನಮ್ಮ ಮೇಲಿನ ಪ್ರೀತಿಗೆ ಅವರು ಅದನ್ನು ನಮಗಿಂತ ಚೆನ್ನಾಗಿ ಕಲಿತುಬಿಡುತ್ತಾರೆ.