ನೇಬೆಲಾವ್ ಊರಿನ ಗುರಾಣಿ ಮೇಲಿನ ಕೊಕ್ಕರೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ನದಿಗಳು ಆಗಷ್ಟೇ ಹರಿಯಲು ಕಲಿತಿದ್ದವು. ಮಂಜು ಆಗಷ್ಟೇ ಇಳಿಯಲು ಕಲಿತಿತ್ತು. ಬಿಳಿ ಕೊಕ್ಕರೆಗೆ ಆಗ ಕೊಳಲಿನಂಥ ದನಿಯಿತ್ತು.

ಈಗ ನಾವು ಜರ್ಮನಿ ಎನ್ನುವ ನಾಡಿನಲ್ಲಿ, ಒಂದು ನದಿಯ ದಡದಲ್ಲಿ ನೇಬೆಲಾವ್ ಎಂಬ ಊರು. ಊರೆಂದರೆ ಏಳೇ ಗುಡಿಸಲು. ಅದರಲ್ಲೊಂದು ವಾಲ್ಬುರ್ಗಾ ಮತ್ತು ಅವಳ ತಂಗಿ ಇರ್ಮಾಳದು.

ಒಂದು ಬೆಳಿಗ್ಗೆ ಇರ್ಮಾ ಸೂರಿಗೆ ಹೊದಿಸಲು ಜೊಂಡು ತರುತ್ತೇನೆಂದು ದೋಣಿ ಏರಿದಳು. ನಡುನೀರು ತಲುಪುವಷ್ಟರಲ್ಲಿ ಮಂಜು ಇಳಿಯಿತು. ಚಾಚಿದ ಕೈ ಕಾಣದಂಥ ಮಂಜು.

"ಅಕ್ಕಾ, ದಡ ಯಾವ ಕಡೆ?"

ವಾಲ್ಬುರ್ಗಾ ದಡದ ಅಂಚಿಗೆ ಓಡಿಬಂದಳು. ನದಿ ಹರಿದುಹೋಗುವ ಕೆಳಗಡೆ ಜಲಪಾತವಿತ್ತು. "ಈ ಕಡೆ, ಈ ಕಡೆ" ಎಂದು ಕೂಗಿದಳು. ಅವಳ ಸಣ್ಣ ದನಿಯನ್ನು ಮಂಜು ನುಂಗಿಬಿಟ್ಟಿತು.

"ಮಂಜೇ, ಒಂಚೂರು ಮೇಲೇಳು," ಎಂದು ಬೇಡಿದಳು.

"ಇಳಿಯುವುದನ್ನಷ್ಟೇ ಕಲಿತಿದ್ದೇನೆ ತಾಯಿ. ಏಳುವುದನ್ನು ಯಾರೂ ಕಲಿಸಿಲ್ಲ."

"ನದಿಯೇ, ದೋಣಿಯನ್ನು ಇತ್ತ ತಳ್ಳು."

"ಮುಂದೆ ಮುಂದೆ ಹೋಗುವುದೊಂದೇ ನನಗೆ ಗೊತ್ತು," ಎಂದು ನದಿ ನಾಚಿಕೊಂಡಿತು.

ಜೊಂಡಿನ ನಡುವೆ ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆ ಎಲ್ಲವನ್ನೂ ಕೇಳಿಸಿಕೊಂಡಿತು. "ನನ್ನ ದನಿ ದೂರ ಹೋಗುತ್ತದೆ. ನಾನು ಕರೆಯುತ್ತೇನೆ," ಎಂದಿತು.

ಅದು ಕರೆಯಿತು. ಇರ್ಮಾ ದೋಣಿ ತಿರುಗಿಸಿದಳು. ಮತ್ತೆ ಕರೆಯಿತು, ಮತ್ತೆ ಮತ್ತೆ ಕರೆಯಿತು. ಕರೆದಷ್ಟೂ ಮಂಜು ಗಂಟಲಿಗಿಳಿದು, ದನಿ ಒಡೆದು, ಕೊನೆಗೆ ನಿಂತೇಹೋಯಿತು. ದೋಣಿ ಮತ್ತೆ ದಾರಿ ತಪ್ಪಿತು. ಜಲಪಾತದ ಮೊರೆತ ಹತ್ತಿರವಾಗುತ್ತಿತ್ತು.

ಆಗ ಕೊಕ್ಕರೆ ತಲೆಯನ್ನು ಹಿಂದಕ್ಕೆ ಬಾಗಿಸಿ ಮೇಲಿನ ಕೊಕ್ಕನ್ನು ಕೆಳಗಿನ ಕೊಕ್ಕಿಗೆ ಬಡಿಯಿತು. ಟಕಟಕ, ಟಕಟಕ. ಒಣಕಟ್ಟಿಗೆಯ ಆ ಸದ್ದನ್ನು ನುಂಗಲು ಮಂಜಿಗೆ ಆಗಲಿಲ್ಲ.

"ಅಕ್ಕಾ, ಅದ್ಯಾರು ಬಡಿಯುತ್ತಿರುವುದು? ನಿಲ್ಲಿಸಬೇಡ ಅನ್ನು."

ಕೊಕ್ಕರೆ ನಿಲ್ಲಿಸಲಿಲ್ಲ. ದೋಣಿಯ ಮೂತಿ ಮರಳಿಗೆ ತಾಗುವವರೆಗೂ ಬಡಿಯಿತು.

ವಾಲ್ಬುರ್ಗಾ ತಂಗಿಯನ್ನು ತಬ್ಬಿಕೊಂಡಳು. ಬೈಯಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. "ಗಂಜಿ ಆರಿಹೋಗಿದೆ, ಬಾ," ಎಂದಳಷ್ಟೇ.

"ಸದ್ಯ, ಬಂದಳಲ್ಲ," ಎಂದಿತು ನದಿ. ಮಂಜೂ ದೊಡ್ಡ ನಿಟ್ಟುಸಿರು ಬಿಟ್ಟಿತು. ಬಿಟ್ಟೊಡನೆ ಹಗುರಾಗಿ, ತನಗೇ ಗೊತ್ತಿಲ್ಲದೆ ಮೇಲೆದ್ದಿತು.

ಅಕ್ಕತಂಗಿಯರು ಕೊಕ್ಕರೆಗೆ ಮೂರು ದಿನ ಬೆಚ್ಚಗಿನ ಹಾಲು ಕೊಟ್ಟರು. ಹೋದ ದನಿ ಬರಲಿಲ್ಲ. ವಾಲ್ಬುರ್ಗಾ ಬೇಸರಪಟ್ಟಾಗ ಕೊಕ್ಕರೆ ಅವಳ ಭುಜಕ್ಕೆ ಕತ್ತು ತಾಗಿಸಿ, ಟಕಟಕ ಎಂದು ಮೆಲ್ಲಗೆ ಬಡಿಯಿತು. ಇರ್ಮಾ ಅದಕ್ಕೆ ತಮ್ಮ ಸೂರಿನ ಮೇಲೆಯೇ ಗೂಡು ಕಟ್ಟಲು ಜಾಗ ಮಾಡಿಕೊಟ್ಟಳು.

ಎಷ್ಟೋ ಕಾಲದ ಮೇಲೆ ಊರೂರಿನವರು ತಮ್ಮ ಗುರುತಿಗೆ ಗುರಾಣಿಯ ಮೇಲೆ ಲಾಂಛನ ಬರೆಸಿದರು. ಕೆಲವರು ಸಿಂಹ ಬರೆಸಿದರು, ಕೆಲವರು ಕತ್ತಿ ಬರೆಸಿದರು. ನೇಬೆಲಾವಿನವರು ನೀಲಿ ಅಲೆಯ ಮೇಲೆ ಕೊಕ್ಕು ತೆರೆದ ಬಿಳಿ ಕೊಕ್ಕರೆಯನ್ನು ಬರೆಸಿದರು.

ಅದಕ್ಕೇ ಮಗು, ಇವತ್ತಿಗೂ ವಸಂತ ಬಂದಾಗ ಆ ನಾಡಿನ ಬಿಳಿ ಕೊಕ್ಕರೆ ಮನೆಯ ಸೂರಿಗೆ ಮರಳಿ, ಕೂಗದೆ, ತಲೆ ಹಿಂದಕ್ಕೆ ಬಾಗಿಸಿ ಟಕಟಕ ಎಂದು ಕೊಕ್ಕು ಬಡಿಯುತ್ತದೆ.