ಅಜ್ಜಿಯ ಅಜ್ಜಿಗೊಂದು ಸಾಲು

ಹತ್ತಿರ ಬನ್ನಿ ಮಕ್ಕಳೇ, ಕೂತುಕೊಳ್ಳಿ. ಶಿವನನ್ನು ನೆನೆದು ಶುರು ಮಾಡುತ್ತೇನೆ. ನಡುವೆ ನಿದ್ದೆ ಬಂದರೆ ಮಲಗಿ. ಕತೆ ಬೇಸರ ಮಾಡಿಕೊಳ್ಳುವುದಿಲ್ಲ.

ಒಂದು ಊರು. ಊರಲ್ಲೊಂದು ಮನೆ. ಮನೆಯಲ್ಲಿ ಬಾಳವ್ವಜ್ಜಿ. ಅಜ್ಜಿಗೆ ಒಬ್ಬಳು ಮೊಮ್ಮಗಳು, ನಿಂಬೆವ್ವ. ಎಷ್ಟು ಎತ್ತರ ಅಂತೀರಿ? ಬೀಸುಕಲ್ಲಿನ ಮುಂದೆ ಕೂತರೆ ಕಲ್ಲಿನ ಗೂಟ ಅವಳ ಗದ್ದಕ್ಕೆ ಬರುತ್ತಿತ್ತು. ಅಷ್ಟೇ.

ಬಾಳವ್ವಜ್ಜಿ ದಿನಾ ಜೋಳ ಬೀಸುತ್ತಿದ್ದಳು. ಬೀಸುತ್ತಾ ಹಾಡುತ್ತಿದ್ದಳು. ಅಪ್ಪನಿಗೆ ಒಂದು ಸಾಲು. ಅವ್ವನಿಗೆ ಒಂದು ಸಾಲು. ಅಜ್ಜನಿಗೆ ಒಂದು ಸಾಲು. ಕೊನೆಗೆ ತನ್ನ ಅಜ್ಜಿಗೆ ಒಂದು ಸಾಲು. ಹಾಡು ಮುಗಿದರೆ ಕಲ್ಲು ನಿಲ್ಲುತ್ತಿತ್ತು. ಕಲ್ಲು ನಿಂತರೆ ಅಜ್ಜಿ ಅಲ್ಲೇ ಗೋಡೆಗೆ ಒರಗಿ, ಹಾಯಾಗಿ ಕಣ್ಣು ಮುಚ್ಚುತ್ತಿದ್ದಳು.

ಒಂದು ದಿನ ಏನಾಯಿತು? ಅಪ್ಪನ ಸಾಲು ಬಂತು. ಅವ್ವನ ಸಾಲು ಬಂತು. ಅಜ್ಜನ ಸಾಲು ಬಂತು. ಅಜ್ಜಿಯ ಸಾಲು ಬರಲಿಲ್ಲ. ಎಲ್ಲೋ ಕಳೆದುಹೋಯಿತು. ಕಲ್ಲಿನಲ್ಲಿ ಜೋಳ ಮುಗಿಯಿತು. ಮನೆಯಲ್ಲೂ ಜೋಳ ಮುಗಿಯಿತು. ಸಾಲು ಮಾತ್ರ ಬರಲಿಲ್ಲ.

ಅಂದು ಅಜ್ಜಿ ಮಲಗಲಿಲ್ಲ. ಮರುದಿನವೂ ಮಲಗಲಿಲ್ಲ. ಅದರ ಮರುದಿನವೂ ಇಲ್ಲ. ಕಣ್ಣು ಕೆಂಪಾದವು. ಯಾಕಜ್ಜಿ ಮಲಗುವುದಿಲ್ಲ ಎಂದು ನಿಂಬೆವ್ವ ಕೇಳಿದಳು.

"ಎಲ್ಲಾರಿಗೂ ಬಡಿಸಿ, ನನ್ನಜ್ಜಿ ಎಲಿ ಮುಂದ ಬಂದಾಗ ಕೈ ಖಾಲಿ ಆದಂಗ ಆಗೈತಿ ಕೂಸ," ಅಂದಳು ಅಜ್ಜಿ. "ಆಕಿನ್ನ ಉಪವಾಸ ಕುಂದ್ರಿಸಿ ನಾ ಹೆಂಗ ಮಲಗಲಿ?"

ನಿಂಬೆವ್ವ ಬೀಸುಕಲ್ಲಿನ ಬಳಿ ಹೋದಳು.

"ಕಲ್ಲೇ ಕಲ್ಲೇ, ತಿರುಗು. ನೀ ತಿರುಗಿದರೆ ಸಾಲು ಸಿಗುತ್ತದೆ. ಸಾಲು ಸಿಕ್ಕರೆ ಅಜ್ಜಿ ಮಲಗುತ್ತಾಳೆ."

ಸಾಲು ತನ್ನ ಹೊಟ್ಟೆಯಲ್ಲೇ ಇದೆ ಎಂದಿತು ಕಲ್ಲು. ಆದರೆ ಬರಿಗಲ್ಲು ಬೀಸಬಾರದು, ಮನೆಗೆ ಒಳ್ಳೆಯದಲ್ಲ. ಜೋಳ ತಂದರೆ ತಿರುಗುತ್ತೇನೆ ಎಂದಿತು.

ನಿಂಬೆವ್ವ ಹೊಲಕ್ಕೆ ಹೋದಳು. ಹೊಲದಲ್ಲಿ ಜೋಳದ ತೆನೆ ತಲೆದೂಗುತ್ತಿತ್ತು.

"ತೆನೆಯೇ ತೆನೆಯೇ, ಕಾಳು ಕೊಡು. ನೀ ಕೊಟ್ಟರೆ ಕಲ್ಲು ತಿರುಗುತ್ತದೆ. ಕಲ್ಲು ತಿರುಗಿದರೆ ಸಾಲು ಸಿಗುತ್ತದೆ. ಸಾಲು ಸಿಕ್ಕರೆ ಅಜ್ಜಿ ಮಲಗುತ್ತಾಳೆ."

ಕೊಡಬಹುದಿತ್ತು, ಗುಬ್ಬಿ ತಲೆಯ ಮೇಲೆ ಕೂತುಬಿಟ್ಟಿದೆಯಲ್ಲ, ಅದು ಎದ್ದರೆ ಕೊಡುತ್ತೇನೆ ಎಂದಿತು ತೆನೆ.

"ಗುಬ್ಬಿಯೇ ಗುಬ್ಬಿಯೇ, ಮೇಲೇಳು. ನೀ ಎದ್ದರೆ ತೆನೆ ಕಾಳು ಕೊಡುತ್ತದೆ. ಕಾಳು ಕೊಟ್ಟರೆ ಕಲ್ಲು ತಿರುಗುತ್ತದೆ. ಕಲ್ಲು ತಿರುಗಿದರೆ ಸಾಲು ಸಿಗುತ್ತದೆ. ಸಾಲು ಸಿಕ್ಕರೆ ಅಜ್ಜಿ ಮಲಗುತ್ತಾಳೆ."

ಗುಬ್ಬಿ ಕತ್ತು ಓರೆ ಮಾಡಿ ನೋಡಿತು. ನಿಮ್ಮಜ್ಜಿಗೆ ನಿದ್ದೆ ಬೇಕು, ನನ್ನ ಮರಿಗಳಿಗೆ ಬೇಡವೇ? ಗೂಡಿನಲ್ಲಿ ಕಡ್ಡಿ ಚುಚ್ಚುತ್ತವೆ. ಮೆತ್ತನೆ ಉಣ್ಣೆ ತಾ, ಏಳುತ್ತೇನೆ ಎಂದಿತು.

ನಿಂಬೆವ್ವ ಕುರಿಯ ಬಳಿ ಹೋದಳು. ಕುರಿ ಬಿಸಿಲಿನಲ್ಲಿ ಮೋಡದ ಹಾಗೆ ನಿಂತಿತ್ತು.

"ಕುರಿಯೇ ಕುರಿಯೇ, ಉಣ್ಣೆ ಕೊಡು. ಉಣ್ಣೆ ಕೊಟ್ಟರೆ ಗುಬ್ಬಿ ಏಳುತ್ತದೆ. ಗುಬ್ಬಿ ಎದ್ದರೆ ತೆನೆ ಕಾಳು ಕೊಡುತ್ತದೆ. ಕಾಳು ಕೊಟ್ಟರೆ ಕಲ್ಲು ತಿರುಗುತ್ತದೆ. ಕಲ್ಲು ತಿರುಗಿದರೆ ಸಾಲು ಸಿಗುತ್ತದೆ. ಸಾಲು ಸಿಕ್ಕರೆ ಅಜ್ಜಿ ಮಲಗುತ್ತಾಳೆ."

ಬಾಯಿ ಒಣಗಿದೆ, ಮೊದಲು ನೀರು ತಾ ಎಂದಿತು ಕುರಿ.

ನಿಂಬೆವ್ವ ಬಾವಿಗೆ ಹೋದಳು. ಬಗ್ಗಿ ನೋಡಿದಳು. ಆಳದಲ್ಲಿ ಒಂದು ತುಂಡು ಆಕಾಶ.

"ಬಾವಿಯೇ ಬಾವಿಯೇ, ನೀರು ಕೊಡು. ನೀರು ಕೊಟ್ಟರೆ ಕುರಿ ಉಣ್ಣೆ ಕೊಡುತ್ತದೆ. ಉಣ್ಣೆ ಕೊಟ್ಟರೆ ಗುಬ್ಬಿ ಏಳುತ್ತದೆ. ಗುಬ್ಬಿ ಎದ್ದರೆ ತೆನೆ ಕಾಳು ಕೊಡುತ್ತದೆ. ಕಾಳು ಕೊಟ್ಟರೆ ಕಲ್ಲು ತಿರುಗುತ್ತದೆ. ಕಲ್ಲು ತಿರುಗಿದರೆ ಸಾಲು ಸಿಗುತ್ತದೆ. ಸಾಲು ಸಿಕ್ಕರೆ ಅಜ್ಜಿ ಮಲಗುತ್ತಾಳೆ."

ಬಾವಿ ನಿಧಾನವಾಗಿ ಮಾತಾಡಿತು.

"ಎಲ್ಲರೂ ಬರುತ್ತಾರೆ, ಸೇದುತ್ತಾರೆ, ಹೋಗುತ್ತಾರೆ. ನನ್ನನ್ನು ತೋಡಿದವನಿಗೆ ಒಂದು ಹಾಡು ಯಾರೂ ಹಾಡಲಿಲ್ಲ. ನೀನು ಹಾಡು. ನೀರು ತಾನೇ ಮೇಲೆ ಬರುತ್ತದೆ."

ತೋಡಿದವನು ಯಾರು? ನಿಂಬೆವ್ವನಿಗೆ ಗೊತ್ತಿಲ್ಲ. ಅವಳು ಅಜ್ಜನ ಬಳಿ ಓಡಿದಳು. ದೇವಪ್ಪಜ್ಜ ಬೇವಿನ ನೆರಳಿನಲ್ಲಿ ಹಗ್ಗ ಹೊಸೆಯುತ್ತಿದ್ದ.

"ಅಜ್ಜಾ ಅಜ್ಜಾ, ಹಾಡು ಕೊಡು. ಹಾಡು ಕೊಟ್ಟರೆ ಬಾವಿ ನೀರು ಕೊಡುತ್ತದೆ. ನೀರು ಕೊಟ್ಟರೆ ಕುರಿ ಉಣ್ಣೆ ಕೊಡುತ್ತದೆ. ಉಣ್ಣೆ ಕೊಟ್ಟರೆ ಗುಬ್ಬಿ ಏಳುತ್ತದೆ. ಗುಬ್ಬಿ ಎದ್ದರೆ ತೆನೆ ಕಾಳು ಕೊಡುತ್ತದೆ. ಕಾಳು ಕೊಟ್ಟರೆ ಕಲ್ಲು ತಿರುಗುತ್ತದೆ. ಕಲ್ಲು ತಿರುಗಿದರೆ ಸಾಲು ಸಿಗುತ್ತದೆ. ಸಾಲು ಸಿಕ್ಕರೆ ಅಜ್ಜಿ ಮಲಗುತ್ತಾಳೆ."

ಅಜ್ಜ ನಕ್ಕ. "ಹಾಡೆಲ್ಲಾ ನಿಮ್ಮಜ್ಜಿ ಕಡೆ ಅದಾವವ್ವಾ. ನನ್ನ ಕಡೆ ಬರೇ ಕೆಮ್ಮು."

ಆಮೇಲೆ ಹಗ್ಗ ಕೆಳಗಿಟ್ಟ. ಬಾವಿ ತೋಡಿದವನು ತನ್ನ ಅಜ್ಜ, ಗುರುಪಾದಜ್ಜ ಎಂದ. ಆಗ ನಾನು ನಿನ್ನಷ್ಟೇ ಇದ್ದೆ, ಬುಟ್ಟಿಯಲ್ಲಿ ಮಣ್ಣು ಹೊತ್ತೆ. ಮೊದಲ ನೀರು ಬಂದಾಗ ಅಜ್ಜ ತಾನು ಕುಡಿಯಲಿಲ್ಲ, ಬೊಗಸೆ ತುಂಬಿ ನನಗೇ ಕುಡಿಸಿದ ಎಂದ.

"ಹಾಡಿಲ್ಲ, ಹೆಸರೈತಿ. ಅದನ್ನ ಒಯ್ಯಿ," ಅಂದ.

ನಿಂಬೆವ್ವ ಹೆಸರನ್ನು ಬಾಯಲ್ಲಿಟ್ಟುಕೊಂಡು ಹೋದಳು. ಬಾವಿಯ ಮೆಟ್ಟಿಲ ಮೇಲೆ ಕೂತಳು. ಕಣ್ಣು ಮುಚ್ಚಿದಳು. ಹಾಡು ತಾನೇ ಬಂತು.

"ಗುರುಪಾದಜ್ಜ, ಗುರುಪಾದಜ್ಜ, ನಿನ್ನ ನಾ ಕಂಡಿಲ್ಲ.
ನೀ ತೋಡಿದ ನೀರು ಕುಡಿದೀನಿ, ತಂಪು ಮರೆತಿಲ್ಲ.
ಕುಡಿದ ಬಾಯಲಿ ಹಾಡೀನಿ, ಬಾಯಿ ಒಣಗಿಲ್ಲ."

ಬಾವಿ ಕೇಳಿತು. ಅದೇ ಹಾಡನ್ನು ಮೆಲ್ಲಗೆ ತಿರುಗಿ ಹಾಡಿತು. ಹಾಡುತ್ತಾ ನೀರು ಮೇಲೆ ಬಂತು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ನಿಂಬೆವ್ವನ ಪಾದದವರೆಗೆ.

ಅವಳು ಎಲೆಯ ದೊನ್ನೆಯಲ್ಲಿ ನೀರು ತುಂಬಿಕೊಂಡಳು. ಬಾವಿ ನೀರು ಕೊಟ್ಟಿತು, ಕುರಿ ಕುಡಿಯಿತು. ಕುರಿ ಉಣ್ಣೆ ಕೊಟ್ಟಿತು, ಗುಬ್ಬಿ ಕಚ್ಚಿಕೊಂಡು ಎದ್ದಿತು. ಗುಬ್ಬಿ ಎದ್ದಿತು, ತೆನೆ ಬಾಗಿತು. ತೆನೆ ಬಾಗಿತು, ಉಡಿಯಲ್ಲಿ ಕಾಳು ಉದುರಿದವು. ಉಡಿ ತುಂಬಿಕೊಂಡು ನಿಂಬೆವ್ವ ಮನೆಗೆ ಬಂದಳು.

ಕಲ್ಲಿಗೆ ಒಂದು ಹಿಡಿ ಜೋಳ ಹಾಕಿದಳು. ಗೂಟ ಹಿಡಿದಳು. ಎಳೆದಳು. ಕಲ್ಲು ಅಲುಗಲಿಲ್ಲ. ಇನ್ನೊಮ್ಮೆ ಎಳೆದಳು. ಅಲುಗಲಿಲ್ಲ. ನಿಂಬೆವ್ವನ ಕಣ್ಣಲ್ಲಿ ನೀರು ಬಂತು.

ಬಾಳವ್ವಜ್ಜಿ ಸರಿದು ಪಕ್ಕಕ್ಕೆ ಬಂದಳು. ಮೊಮ್ಮಗಳ ಕೈ ಮೇಲೆ ತನ್ನ ಕೈ ಇಟ್ಟಳು.

ಗುರ್ ಎಂದಿತು ಕಲ್ಲು. ಒಂದು ಸುತ್ತು ತಿರುಗಿತು. ಎರಡು ಸುತ್ತು ತಿರುಗಿತು. ಅಜ್ಜಿ ತನ್ನ ಕೈಯನ್ನೇ ನೋಡುತ್ತಿದ್ದಳು. ಅದರ ಕೆಳಗಿನ ಪುಟ್ಟ ಕೈಯನ್ನು ನೋಡುತ್ತಿದ್ದಳು. ಮೂರನೆಯ ಸುತ್ತಿಗೆ ಅವಳ ಬಾಯಿ ತೆರೆಯಿತು.

"ಕಲ್ಲಿನ ಮ್ಯಾಲ ನನ ಕೈಯಿ, ನನ ಕೈಯ ಮ್ಯಾಲ ನಮ್ಮಜ್ಜಿ ಕೈಯಿ."

ಅಪ್ಪನ ಸಾಲು ಹಾಡಿದಳು. ಅವ್ವನ ಸಾಲು ಹಾಡಿದಳು. ಅಜ್ಜನ ಸಾಲು ಹಾಡಿದಳು. ತನ್ನ ಅಜ್ಜಿಯ ಸಾಲು ಎರಡು ಸಲ ಹಾಡಿದಳು. ಮೂರು ದಿನ ಉಪವಾಸ ಕೂತವಳು, ಸ್ವಲ್ಪ ಹೆಚ್ಚೇ ಬಡಿಸಬೇಕಲ್ಲವೇ?

ಹಾಡು ಮುಗಿಯಿತು. ಕಲ್ಲು ನಿಂತಿತು. ಅಜ್ಜಿ ಗೋಡೆಗೆ ಒರಗಿದಳು, ಕಣ್ಣು ಮುಚ್ಚಿದಳು. ಅವಳ ಕೈ ನಿಂಬೆವ್ವನ ಕೈ ಮೇಲೆಯೇ ಉಳಿಯಿತು.

ನಿಂಬೆವ್ವ ಕೈ ಎಳೆದುಕೊಳ್ಳಲಿಲ್ಲ. ಉಸಿರನ್ನೂ ಮೆಲ್ಲಗೆ ಬಿಟ್ಟಳು.